ಅನ್ನ ಹಾಕುವುದು ಬೇರೆ, ಸಾಕುವುದು ಬೇರೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಎಂದರು. "ಕಂಪ್ಯೂಟರ್ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ, ನಾನು ನಾಯಿ ಬಗ್ಗೆ ಮಾತಾಡುತ್ತೇನೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ, "ಆಯ್ತು, ಆದರೆ ಜನ ನಗೋ ಹಾಗೆ ಮಾಡಬೇಡ" ಎಂದರು. ನಗುವವರು ಈಗಲೇ ನಕ್ಕುಬಿಡಿ. ಮುಂದೆ ಹೇಳುವ ಮಾತಿನಲ್ಲಿ ಮಕ್ಕಳ ಜೀವದ ವಿಷಯ ಇದೆ.

ಮೊದಲೇ ಒಂದು ಮಾತು. ನಾನು ಪಶುವೈದ್ಯನಲ್ಲ. ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಅವುಗಳನ್ನು ಸಾಕುತ್ತಾ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು, ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಔಷಧದ ವಿಷಯ ಬಂದಾಗ ಕೊನೆಯ ಮಾತು ವೈದ್ಯರದೇ.

ನಮ್ಮ ನಾಡಿಗೆ ನಾಯಿ ಹೊಸದಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಕಾಲದ ಒಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳರ ವಿರುದ್ಧ ಹೋರಾಡಿದ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಬೂತುಗ, ಏನು ಬೇಕೋ ಕೇಳು ಎಂದ. ಮಣಲೆರ ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ದೊಡ್ಡ ಕಾಡುಹಂದಿಯೊಂದರ ಜೊತೆ ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡವನಿಗೆ ಪಾಪ ತಟ್ಟಲಿ ಎಂದೂ ಬರೆಸಿದರು. ಸಾವಿರ ವರ್ಷದ ಹಿಂದೆ ಕಾಳಿಗೆ ಒಂದು ಹೆಸರಿತ್ತು, ಒಬ್ಬ ಯಜಮಾನನಿದ್ದ. ಸತ್ತ ಮೇಲೂ ಅದರ ಹೊಣೆ ಹೊರುವವರಿದ್ದರು.

ಈಗ ನಮ್ಮೂರಿಗೆ ಬನ್ನಿ. ಬಸ್ ಸ್ಟ್ಯಾಂಡಿನ ಹತ್ತಿರ ಮಲಗಿರುವ ನಾಯಿಯನ್ನು ತೋರಿಸಿ, "ಇದು ಯಾರದು?" ಎಂದು ಕೇಳಿ. "ಯಾರದೂ ಅಲ್ಲ, ಊರ ನಾಯಿ" ಅನ್ನುತ್ತಾರೆ. ಆದರೆ ಅದಕ್ಕೆ ಬೆಳಿಗ್ಗೆ ಒಂದು ಮನೆಯಲ್ಲಿ ತಂಗಳನ್ನ, ಮಧ್ಯಾಹ್ನ ಹೋಟೆಲಿನಲ್ಲಿ ಮುರಿದ ಇಡ್ಲಿ, ರಾತ್ರಿ ಇನ್ನೊಂದು ಮನೆಯಲ್ಲಿ ಮುದ್ದೆ ಸಿಗುತ್ತದೆ. ಕಳ್ಳ ಬಂದರೆ ಬೊಗಳುವುದಕ್ಕೆ ಅದು ನಮ್ಮ ನಾಯಿ. ಯಾರನ್ನಾದರೂ ಕಚ್ಚಿದ ದಿನ ಯಾರ ನಾಯಿಯೂ ಅಲ್ಲ. ನಾನು ಹೇಳಲು ಬಂದದ್ದು ಇಷ್ಟೇ: ಅನ್ನ ಹಾಕುವುದು ಬೇರೆ, ಸಾಕುವುದು ಬೇರೆ. "ಇದು ಯಾರದು?" ಎಂದು ಕೇಳಿದಾಗ "ನಮ್ಮದು" ಎಂದು ಕಚ್ಚಿದ ದಿನವೂ ಹೇಳುವವರಿದ್ದರೆ ಮಾತ್ರ ಅದು ಸಾಕಿದ ನಾಯಿ.

ಕಚ್ಚುವ ಮಾತು ಬಂದದ್ದರಿಂದ ರೇಬೀಸ್, ಅಂದರೆ ಹುಚ್ಚುನಾಯಿ ರೋಗದಿಂದಲೇ ಶುರು ಮಾಡುತ್ತೇನೆ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಪ್ರಪಂಚದಲ್ಲಿ ರೇಬೀಸ್‌ನಿಂದ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಭಾರತದವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗದ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ಅಂದರೆ ಈ ಶಾಲೆಯ ಬೆಂಚುಗಳ ಮೇಲೆ ಕೂರುವ ವಯಸ್ಸಿನವರು. ಆದರೆ ಇಷ್ಟು ಭಯಂಕರವಾದ ಈ ರೋಗವನ್ನೇ ಸಕಾಲದ ಲಸಿಕೆಯಿಂದ ಪೂರ್ತಿಯಾಗಿ ತಡೆಯಬಹುದು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಈ ಲಸಿಕೆ ಕೊಡಿಸಿದರು, ಹುಡುಗ ಬದುಕಿದ. ಔಷಧ ಸಿಕ್ಕಿ 140 ವರ್ಷವಾದರೂ ನಮ್ಮಲ್ಲಿ ಸಾವು ನಿಂತಿಲ್ಲ.

ನಾವು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಜೊತೆಯ ಒಬ್ಬ ಹುಡುಗನಿಗೆ ಶಾಲೆಗೆ ಬರುವ ದಾರಿಯಲ್ಲಿ ನಾಯಿಮರಿ ಕಚ್ಚಿತು. ಮನೆಯಲ್ಲಿ ಖಾರದ ಪುಡಿ ಮತ್ತು ಸುಣ್ಣ ಹಚ್ಚಿ, "ಮರಿ ಅಲ್ವಾ, ಏನಾಗಲ್ಲ" ಎಂದು ಶಾಲೆಗೆ ಕಳಿಸಿದ್ದರು. ನಮ್ಮ ವಿಜ್ಞಾನದ ಮೇಷ್ಟ್ರು ನೋಡಿದವರೇ, ಪಾಠ ನಿಲ್ಲಿಸಿ ಅವನನ್ನು ಶಾಲೆಯ ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. ಬಟ್ಟೆ ಸೋಪಿನಿಂದ ಗಾಯವನ್ನು ಕಾಲು ಗಂಟೆ ತೊಳೆದು, ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಆಗ ಹೊಕ್ಕುಳ ಸುತ್ತ ದಿನವೂ ಚುಚ್ಚುತ್ತಿದ್ದ ಕಾಲ. ಅವನು ಅಳುತ್ತಲೇ ಎಲ್ಲವನ್ನೂ ಮುಗಿಸಿದ. ಇವತ್ತು ಅವನು ಇದೇ ಪೆಂಡಾಲಿನಲ್ಲಿ ಕೂತಿದ್ದಾನೆ. ಅವನ ಮಗ ಈ ವರ್ಷ ಇದೇ ಶಾಲೆಗೆ ಸೇರಿದ್ದಾನೆ. ಆ ಮೇಷ್ಟ್ರಿಗೆ ಈ ವೇದಿಕೆಯಿಂದ ಕೈಮುಗಿಯುತ್ತೇನೆ.

ಆ ಹೊಕ್ಕುಳ ಚುಚ್ಚುಮದ್ದಿನ ಭಯ ಇನ್ನೂ ಬಹಳ ಜನರ ಮನಸ್ಸಿನಲ್ಲಿದೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತಿತು. ಈಗ ತೋಳಿಗೆ ಕೊಡುತ್ತಾರೆ. ಕಚ್ಚಿದ ದಿನ, ಆಮೇಲೆ 3, 7 ಮತ್ತು 28ನೇ ದಿನ ಚರ್ಮಕ್ಕೆ ಕೊಡುವುದು ಒಂದು ಕ್ರಮ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಸೇರುತ್ತದೆ. ಗಾಯ ಆಳವಾಗಿದ್ದರೆ ಗಾಯದ ಜಾಗಕ್ಕೇ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದನ್ನೂ ಕೊಡಬೇಕಾಗುತ್ತದೆ.

ಹಾಗಾಗಿ ಮಕ್ಕಳೇ, ಮೂರು ಮಾತು ನೆನಪಿಡಿ. ಒಂದು, ನಾಯಿ ಕಚ್ಚಿದರೆ, ಉಗುರಿನಿಂದ ಪರಚಿದರೆ, ಗಾಯವನ್ನು ನೆಕ್ಕಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಖಾರದ ಪುಡಿ, ಸುಣ್ಣ, ಕಾಫಿ ಪುಡಿ, ಸೊಪ್ಪಿನ ರಸ ಯಾವುದೂ ಬೇಡ. ಎರಡು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರಿಯೇ ಇರಲಿ, ಮನೆಯ ನಾಯಿಯೇ ಇರಲಿ, ಹೋಗಬೇಕು. ಮೂರು, ಹೇಳಿದ ಅಷ್ಟೂ ದಿನ ಹೋಗಬೇಕು. ಎರಡು ಚುಚ್ಚಿಸಿಕೊಂಡು ಗಾಯ ಮಾಯಿತು ಎಂದು ಬಿಡಬಾರದು. ರೋಗ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಒಂದರಿಂದ ಮೂರು ತಿಂಗಳಿಗೆ, ಕೆಲವೊಮ್ಮೆ ಇನ್ನೂ ತಡವಾಗಿ. ಬೈಯುತ್ತಾರೆಂದು ಮನೆಯಲ್ಲಿ ಮುಚ್ಚಿಡಬೇಡಿ. ತಾಯಂದಿರೇ, ಮಗು ಬಂದು ಹೇಳಿದರೆ ಬೈಯಬೇಡಿ.

ಮನುಷ್ಯರಿಗೆ ಚುಚ್ಚುವುದು ಕಚ್ಚಿದ ಮೇಲಿನ ಕೆಲಸ. ರೋಗದ ಬೇರು ಇರುವುದು ನಾಯಿಯಲ್ಲಿ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಪ್ರತಿ ವರ್ಷ ಲಸಿಕೆ ಹಾಕಿದರೆ ಆ ಊರಿನಲ್ಲಿ ರೋಗದ ಸರಪಳಿ ಕಡಿದುಹೋಗುತ್ತದೆ ಎಂದು ತಜ್ಞರು ಹೇಳುತ್ತಾರೆ. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ವೈದ್ಯರು ಹೇಳಿದಾಗ ಇನ್ನೊಂದು, ಆಮೇಲೆ ವರ್ಷಕ್ಕೊಂದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮರಿ ತಂದ ಹೊಸದರಲ್ಲಿ ಒಂದು ಸಲ ಹಾಕಿಸಿ, "ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ" ಎಂದು ಐದು ವರ್ಷ ಹೇಳುತ್ತಿರುತ್ತಾರೆ. ಹಸುವಿಗೆ ಕಾಲುಬಾಯಿ ಲಸಿಕೆ ಹಾಕಿಸುವಾಗ ಒಂದು ಸಲಕ್ಕೇ ನಿಲ್ಲಿಸುತ್ತೇವೆಯೇ? ಇದೂ ಹಾಗೆಯೇ.

ಎರಡನೆಯ ವಿಷಯ ಹೆಣ್ಣು ಮರಿಗಳದು. ಇದನ್ನು ವೇದಿಕೆಯ ಮೇಲೆ ಹೇಳುವುದು ಸ್ವಲ್ಪ ಕಷ್ಟ, ಆದರೂ ಹೇಳುತ್ತೇನೆ. ಮನೆಯ ನಾಯಿ ಮರಿ ಹಾಕಿದಾಗ ಗಂಡು ಮರಿಗಳಿಗೆ ಗಿರಾಕಿ ಇರುತ್ತಾರೆ. ಹೆಣ್ಣು ಮರಿಗಳು ಕಣ್ಣು ಬಿಟ್ಟ ಮೇಲೆ ಗೋಣಿಚೀಲದಲ್ಲಿ ಕೆರೆ ಏರಿಗೋ, ಸಂತೆ ಮೈದಾನಕ್ಕೋ, ಪಕ್ಕದ ಊರಿನ ಗಡಿಗೋ ಹೋಗುತ್ತವೆ. ಅಲ್ಲಿ ಹಸಿವಿಗೆ, ಲಾರಿಯ ಚಕ್ರಕ್ಕೆ ಸಿಕ್ಕಿ ಸತ್ತವು ಸತ್ತವು. ಉಳಿದವು ಒಂದು ವರ್ಷದೊಳಗೆ ತಾವೇ ಮರಿ ಹಾಕುತ್ತವೆ. ನಾಯಿ ಗಬ್ಬ ನಿಂತ ಎರಡು ತಿಂಗಳಿಗೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು. ನಾವು ಪಕ್ಕದ ಊರಿನ ಗಡಿಯಲ್ಲಿ ಬಿಟ್ಟು ಬರುತ್ತೇವೆ, ಪಕ್ಕದ ಊರಿನವರು ನಮ್ಮ ಗಡಿಯಲ್ಲಿ ಬಿಡುತ್ತಾರೆ. ಕೊನೆಗೆ ಇಬ್ಬರೂ ಪಂಚಾಯಿತಿಗೆ ಹೋಗಿ, "ಬೀದಿನಾಯಿ ಕಾಟ ಜಾಸ್ತಿಯಾಗಿದೆ" ಎಂದು ಅರ್ಜಿ ಕೊಡುತ್ತೇವೆ. ಬೀದಿನಾಯಿ ಆಕಾಶದಿಂದ ಬೀಳುವುದಿಲ್ಲ, ನಮ್ಮ ಹಿತ್ತಲಿನಿಂದಲೂ ಹೋಗುತ್ತದೆ.

ಇದಕ್ಕಿರುವ ದಾರಿ ಸಂತಾನಹರಣ ಶಸ್ತ್ರಚಿಕಿತ್ಸೆ. ಸುಮಾರು ಆರು ತಿಂಗಳಾದ ಮೇಲೆ ಯಾವಾಗ ಮಾಡಿಸಬಹುದೆಂದು ವೈದ್ಯರು ಹೇಳುತ್ತಾರೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ ದಿನ ಗೊತ್ತು ಮಾಡಿಕೊಳ್ಳಿ. "ಪಾಪ, ಒಂದು ಸಲವಾದರೂ ಮರಿ ಹಾಕಲಿ" ಎನ್ನುವವರಿದ್ದಾರೆ. ಮರಿ ಹಾಕದಿದ್ದರೆ ನಾಯಿಗೆ ಯಾವ ಕೊರತೆಯೂ ಇಲ್ಲ. ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿಗೆ ವಯಸ್ಸಾದಾಗ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೆ ಅಪಾಯ ಆಗುವುದುಂಟು. ಒಂದು ನಾಯಿಯಿಂದ ಇನ್ನೊಂದಕ್ಕೆ ಕೂಡುವಾಗ ಅಂಟುವ ಗೆಡ್ಡೆಯ ರೋಗವೂ ಇದೆ. ಗಂಡು ನಾಯಿಗೂ ಮಾಡಿಸಬಹುದು. ಮಾಡಿಸಿದರೆ ಬೆದೆಯ ನಾಯಿಯ ಹಿಂದೆ ಊರೂರು ಅಲೆಯುವುದು, ಜಗಳಕ್ಕೆ ಬಿದ್ದು ಕಚ್ಚಿಸಿಕೊಂಡು ಬರುವುದು ಬಹಳಮಟ್ಟಿಗೆ ಕಡಿಮೆಯಾಗುತ್ತದೆ.

ಇನ್ನು ದಿನದಿನದ ಆರೈಕೆ. ಆರರಿಂದ ಎಂಟು ವಾರದ ಮರಿಗೆ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳ ವಿರುದ್ಧ ಒಂದೇ ಚುಚ್ಚುಮದ್ದಿನಲ್ಲಿ ಲಸಿಕೆ ಶುರು ಮಾಡುತ್ತಾರೆ. ಪಾರ್ವೊ ಬಂದ ಮರಿ ಊಟ ಬಿಟ್ಟು, ವಾಂತಿ ಮಾಡಿ, ರಕ್ತಭೇದಿಯಾಗಿ ಎರಡು ಮೂರು ದಿನದಲ್ಲೇ ಹೋಗಿಬಿಡಬಹುದು. ಅದರ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಮರಿ ಸತ್ತ ಜಾಗಕ್ಕೆ ಮುಂದಿನ ತಿಂಗಳೇ ಇನ್ನೊಂದು ಮರಿ ತಂದರೆ ಅದೂ ಸಾಯಬಹುದು. "ನಮ್ಮ ಮನೆಗೆ ನಾಯಿ ಆಗಿಬರಲ್ಲ" ಎನ್ನುವ ಎಷ್ಟೋ ಮನೆಗಳಲ್ಲಿ ಕಾರಣ ಇದೇ ಇದ್ದೀತು. ದೋಷ ಮನೆಯದಲ್ಲ, ಲಸಿಕೆ ಹಾಕಿಸದೇ ಇದ್ದದ್ದು.

ಜಂತುಹುಳುವಿನ ಔಷಧವನ್ನು ಮರಿಗೆ ಎರಡು ವಾರಕ್ಕೊಮ್ಮೆ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಕೊಡಿಸಿ. ನಾಯಿಯ ಹೊಟ್ಟೆಯ ಹುಳು ಅದರ ಮಲದಿಂದ ಮಣ್ಣಿಗೆ, ಮಣ್ಣಿನಲ್ಲಿ ಆಡುವ ಮಕ್ಕಳಿಗೆ ಬರುತ್ತದೆ. ಉಣ್ಣೆಯನ್ನು ಸಣ್ಣ ವಿಷಯ ಎನ್ನಬೇಡಿ. ಅದು ರಕ್ತ ಕುಡಿಯುವುದಷ್ಟೇ ಅಲ್ಲ, ನಾಯಿಗೆ ಜ್ವರವನ್ನೂ ಅಂಟಿಸುತ್ತದೆ. ನಾಯಿ ಮಂಕಾಗಿ ಊಟ ಬಿಟ್ಟು, ಮೂಗಿನಲ್ಲಿ ರಕ್ತ ಬಂದರೆ ತಕ್ಷಣ ತೋರಿಸಬೇಕು. ಉಣ್ಣೆ ಹೋಗಲೆಂದು ಬೆಳೆಗೆ ಹೊಡೆಯುವ ಔಷಧವನ್ನು ನಾಯಿಯ ಮೈಗೆ ಬಳಿಯಬೇಡಿ. ನಾಯಿ ಮೈ ನೆಕ್ಕಿಕೊಂಡು ಸಾಯುತ್ತದೆ. ನಮಗೆ ಜ್ವರ, ನೋವು ಬಂದಾಗ ನುಂಗುವ ಮಾತ್ರೆಯನ್ನೂ ಕೊಡಬೇಡಿ. ಇಲಿ ಪಾಷಾಣ ಇಡುವಾಗ ನಾಯಿಗೆ ಸಿಗದ ಹಾಗೆ ಇಡಿ.

ಊಟದ ವಿಷಯದಲ್ಲಿ ನಮ್ಮ ಮುದ್ದೆ, ಅನ್ನ ಕೆಟ್ಟದ್ದಲ್ಲ, ಆದರೆ ಅದೊಂದೇ ಸಾಲದು. ಬೇಯಿಸಿದ ಮೊಟ್ಟೆಯೋ, ಸ್ವಲ್ಪ ಮಾಂಸವೋ, ಮೊಸರೋ ಜೊತೆಗಿರಲಿ. ಖಾರದ ಸಾರು, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹಬ್ಬದ ಮರುದಿನ ಆಸ್ಪತ್ರೆಗೆ ಓಡುವ ಬದಲು ಮೂಳೆಯನ್ನು ಗುಂಡಿಗೆ ಹಾಕಿ. ಊಟಕ್ಕಿಂತ ನಾವು ಹೆಚ್ಚು ಮರೆಯುವುದು ನೀರನ್ನು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಕೆಳಗೆ ನೀರಿಲ್ಲದೆ ಕಟ್ಟಿದ ನಾಯಿ, ಕಿಟಕಿ ಮುಚ್ಚಿದ ಕಾರಿನಲ್ಲಿ ಬಿಟ್ಟ ನಾಯಿ ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು.

ಕಟ್ಟುವ ವಿಷಯ ಹೇಳಲೇಬೇಕು. ಮರಿ ಇದ್ದಾಗಿನಿಂದ ಮೂರು ಅಡಿ ಸರಪಳಿಯಲ್ಲಿ ಹಗಲೂ ರಾತ್ರಿ ಕಟ್ಟಿದ ನಾಯಿ ಚುರುಕಾಗುವುದಿಲ್ಲ, ಸಿಡುಕಾಗುತ್ತದೆ. ಹಾಗಂತ ಪೂರ್ತಿ ಬಿಟ್ಟರೆ ಹೈವೇಯಲ್ಲಿ ವಾಹನಕ್ಕೆ ಸಿಗುತ್ತದೆ, ಬೈಕಿನವರನ್ನು ಅಟ್ಟಿ ಬೀಳಿಸುತ್ತದೆ. ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ತೋಟದವರೆಗೆ ನಡೆಸಿಕೊಂಡು ಹೋಗಿ ಬನ್ನಿ. ಉದ್ದ ಹಗ್ಗ, ನೆರಳು, ನೀರು ಇರಲಿ. ರಾತ್ರಿ ಮನೆಯೊಳಗೋ ಗಟ್ಟಿ ಬಾಗಿಲಿನ ಗೂಡಿನಲ್ಲೋ ಇರಲಿ. ಗುಡ್ಡದ ಕಡೆಯ ತೋಟದ ಮನೆಯವರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ಅಂಗಳದಲ್ಲಿ ಸರಪಳಿ ಹಾಕಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಅದಕ್ಕೆ ಓಡಲೂ ಆಗುವುದಿಲ್ಲ. ಒಮ್ಮೆ ರುಚಿ ಕಂಡ ಚಿರತೆ ಅದೇ ಅಂಗಳಕ್ಕೆ ಮತ್ತೆ ಬರುತ್ತದೆ, ಅದೇ ಅಂಗಳದಲ್ಲಿ ನಮ್ಮ ಮಕ್ಕಳೂ ಓಡಾಡುತ್ತಾರೆ.

"ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆಯನ್ನು ಮಕ್ಕಳು ನಂಬಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ. ಉಣ್ಣುವ, ಮಲಗಿದ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬೇಡಿ. ಅಟ್ಟಿಸಿಕೊಂಡು ಬಂದರೆ ಓಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಕೈ ಇಳಿಬಿಟ್ಟು ಕಂಬದ ಹಾಗೆ ನಿಲ್ಲಿ. ಕಲ್ಲು ಹೊಡೆಯಬೇಡಿ, ಬಾಲಕ್ಕೆ ಪಟಾಕಿ ಕಟ್ಟಬೇಡಿ. ಮನುಷ್ಯರೆಂದರೆ ನೋವು ಎಂದು ಕಲಿತ ನಾಯಿ ಮುಂದೆ ಯಾವುದೋ ಪುಟ್ಟ ಮಗುವಿನ ಮೇಲೆ ಆ ಸಿಟ್ಟು ತೀರಿಸಿಕೊಳ್ಳುತ್ತದೆ.

ಇನ್ನು ನಮ್ಮಂಥ ಪಟ್ಟಣ ಸೇರಿದವರ ಮಾತು. ಬೆಂಗಳೂರಿನಲ್ಲಿ ಲಾಕ್‌ಡೌನ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡುವಾಗ ಸಾವಿರಾರು ರೂಪಾಯಿ ಕೊಟ್ಟು ಮರಿ ತಂದವರನ್ನು ನೋಡಿದ್ದೇನೆ. ಆಫೀಸು ತೆರೆದ ಮೇಲೆ ಅವುಗಳಲ್ಲಿ ಕೆಲವು ಊರಿನ ಅಪ್ಪ ಅಮ್ಮನ ಹಟ್ಟಿಗೆ ಬಂದವು, ಕೆಲವು ರಸ್ತೆಗೆ ಬಂದವು. ಹಿಮದ ನಾಡಿನ ಹಸ್ಕಿಯನ್ನು ನಮ್ಮ ಬಯಲುಸೀಮೆಯ ಬಿಸಿಲಿಗೆ ತರುವುದು ಆ ಪ್ರಾಣಿಗೆ ಕೊಡುವ ಶಿಕ್ಷೆ. ಮೂತಿ ಚಪ್ಪಟೆಯಾದ ಪಗ್ ನಾಯಿಗೆ ಉಸಿರಾಡುವುದೇ ಕಷ್ಟ. ಜಾತಿ ನಾಯಿಯೇ ಬೇಕೆಂದರೆ ನಮ್ಮದೇ ಮುಧೋಳ ನಾಯಿ ಇದೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ. ಆದರೆ ಅದು ಓಟಕ್ಕೆ ಹುಟ್ಟಿದ್ದು, ಎರಡು ಕೋಣೆಯ ಫ್ಲಾಟಿಗೆ ಹೇಳಿದ್ದಲ್ಲ. ನನ್ನನ್ನು ಕೇಳಿದರೆ ನಮ್ಮ ಬೀದಿಯ ನಾಡನಾಯಿಯೇ ಸಾಕು. ಈ ಹವೆಗೆ ಒಗ್ಗಿದೆ, ಕೂದಲು ಕಡಿಮೆ, ಬುದ್ಧಿ ಜಾಸ್ತಿ. ನಮ್ಮ ಮನೆಯ ಎರಡೂ ಅಂಥವೇ. ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಮರಿ ತರುವ ದಿನ ಅಷ್ಟು ವರ್ಷದ ಲೆಕ್ಕ ಹಾಕಿಯೇ ತರಬೇಕು.

ಇದೆಲ್ಲ ದಯೆಯ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಯನ್ನು ಅತಿ ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದೇ ಇರುವುದು, ಅನ್ನ ನೀರು ಕೊಡದಿರುವುದು, ಕಾರಣವಿಲ್ಲದೆ ತೊರೆದುಬಿಡುವುದು ಎಲ್ಲವೂ ಅಪರಾಧ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಲಸಿಕೆ ಮತ್ತು ಸಂತಾನಹರಣದ ಹೊಣೆ ಯಜಮಾನನದು, ಬೀದಿಯ ಪ್ರಾಣಿಗಳದ್ದು ಸ್ಥಳೀಯ ಸಂಸ್ಥೆಯದು ಎನ್ನುತ್ತವೆ. ಯಾರದೂ ಅಲ್ಲದ ನಾಯಿ ಕಾನೂನಿನ ಪುಸ್ತಕದಲ್ಲೂ ಇಲ್ಲ.

ಕೊನೆಯದಾಗಿ ಒಂದು ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ನಾವು ಹಳೆಯ ವಿದ್ಯಾರ್ಥಿಗಳು ಗೇಟು ಕಟ್ಟಿಸಿದ್ದೇವೆ, ಬೆಂಚು ಕೊಟ್ಟಿದ್ದೇವೆ, ಬಹಳ ಸಂತೋಷ. ಅದರ ಜೊತೆಗೆ ಇನ್ನೊಂದು ಕೆಲಸ ಮಾಡೋಣ. ಪಾಶ್ಚರ್ ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಪ್ರತಿ ವರ್ಷ ಆ ದಿನ, ಪಶು ಆಸ್ಪತ್ರೆಯವರನ್ನು ಕೇಳಿಕೊಂಡು, ಈ ಶಾಲೆಯ ಮೈದಾನದಲ್ಲಿ ಊರಿನ ನಾಯಿಗಳಿಗೆಲ್ಲ ಲಸಿಕೆ ಹಾಕಿಸೋಣ. ಮೊದಲ ಐದು ವರ್ಷ ಲಸಿಕೆ, ಸಿರಿಂಜು, ಪಟ್ಟಿಯ ಖರ್ಚಿನಲ್ಲಿ ಬೇಕಾದಷ್ಟನ್ನು ನಮ್ಮ ಬ್ಯಾಚಿನವರು ಕೊಡುತ್ತೇವೆ. ಮಕ್ಕಳು ಒಂದು ಪುಸ್ತಕ ಇಡಲಿ. ನಾಯಿಯ ಹೆಸರು, ಗಂಡೋ ಹೆಣ್ಣೋ, ಲಸಿಕೆಯ ದಿನ, ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಬರೆಯಲಿ. ಕೊನೆಯ ಕಾಲಂನಲ್ಲಿ ಹೊಣೆ ಹೊತ್ತವರ ಹೆಸರು ಮತ್ತು ಸಹಿ ಇರಲಿ. ಬಸ್ ಸ್ಟ್ಯಾಂಡಿನ ನಾಯಿಗೂ ಒಂದು ಸಾಲು ಇರಲಿ. ಅದಕ್ಕೆ ಇಡ್ಲಿ ಹಾಕುವ ಹೋಟೆಲ್ ಅಣ್ಣನೇ ಸಹಿ ಹಾಕಲಿ. ಅವರು ಹಿಂದಿನ ಸಾಲಿನಲ್ಲಿ ಕೂತು ಆಗಲೇ ತಲೆಯಾಡಿಸುತ್ತಿದ್ದಾರೆ, ನೋಡಿ.

ಈ ಶಾಲೆ 50 ವರ್ಷದಿಂದ ನಮ್ಮೆಲ್ಲರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದು, ಬಾರದ ದಿನ ಯಾಕೆ ಬಂದಿಲ್ಲ ಎಂದು ವಿಚಾರಿಸಿದೆ. ಹೆಸರು ಬರೆದುಕೊಂಡ ಮೇಲೆ ಹೊಣೆ ಬರುತ್ತದೆ ಎನ್ನುವುದನ್ನು ನಾವು ಕಲಿತದ್ದು ಇಲ್ಲಿಯೇ. ಪುಸ್ತಕದ ಮೊದಲ ಪುಟಕ್ಕೆ ಹೆಸರು ಕೊಡುವವರು ಕಾರ್ಯಕ್ರಮ ಮುಗಿದ ಮೇಲೆ ಊಟದ ಪೆಂಡಾಲಿನ ಪಕ್ಕದ ಮೇಜಿನ ಹತ್ತಿರ ಬನ್ನಿ, ನಾನು ಅಲ್ಲೇ ಇರುತ್ತೇನೆ.